ಹಂತ ಎರಡರ ಪರಮಸುಖ

ಸರಕಾರಿ ಶಾಲೆಯ ಹೆಡ್‌ಮಾಸ್ಟರಿಗೆ ಇರಬೇಕಾದ ಮೊದಲ ಅರ್ಹತೆ ಯಾವುದು ಎಂದು ಕೇಳಿದರೆ ಡಿ.ಇಡಿ., ಬಿ.ಇಡಿ. ಎಂದು ಶುರುಮಾಡುವವರು ಶಾಲಾ ಸಿದ್ಧಿ ತುಂಬಿದವರಲ್ಲ. ಅಸಲಿ ಅರ್ಹತೆ ಇಷ್ಟೇ: ನಿಮ್ಮ ಶಾಲೆ ಯಾವ ಹಂತದಲ್ಲಿದೆ ಎಂದು ಯಾರು ಕೇಳಿದರೂ ಕಣ್ಣು ಮಿಟುಕಿಸದೆ "ಎರಡು ಸಾರ್" ಎನ್ನಬೇಕು.

ಗೊತ್ತಿಲ್ಲದವರಿಗಾಗಿ ಒಂದಿಷ್ಟು ಪೀಠಿಕೆ. ಶಾಲೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲಿ, ತಮ್ಮ ಕೊರತೆ ತಾವೇ ಕಂಡುಕೊಳ್ಳಲಿ, ಸುಧಾರಣೆಯ ಗುರಿಯನ್ನೂ ತಾವೇ ಹಾಕಿಕೊಳ್ಳಲಿ ಎಂಬ ಸದಾಶಯದಿಂದ ದಿಲ್ಲಿಯ ನ್ಯೂಪಾ ಸಂಸ್ಥೆ 2015ರಲ್ಲಿ ಶಾಲಾ ಸಿದ್ಧಿ ಎಂಬ ಚೌಕಟ್ಟನ್ನು ಹೊರತಂದಿತು. ಅದರಲ್ಲಿ 7 ಕ್ಷೇತ್ರಗಳು, 46 ಮಾನದಂಡಗಳು. ಪ್ರತಿಯೊಂದಕ್ಕೂ ಹಂತ ಒಂದು, ಎರಡು, ಮೂರು. ಕೊಠಡಿ, ಕುಡಿಯುವ ನೀರಿನಿಂದ ಹಿಡಿದು ಮಗುವಿನ ಮಾನಸಿಕ ಸುರಕ್ಷತೆಯವರೆಗೆ ಎಲ್ಲಕ್ಕೂ ಒಂದೊಂದು ಸಾಲು. ಸಾಲಿನ ಮುಂದೆ ಸಾಕ್ಷ್ಯ, ಅದರ ಪಕ್ಕ ಸುಧಾರಣೆಯ ಆದ್ಯತೆ: ಕಡಿಮೆ, ಮಧ್ಯಮ, ಹೆಚ್ಚು. ಕಲ್ಪನೆ ಒಳ್ಳೆಯದೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ.

ಹಂತ ಒಂದು ಎಂದು ಬರೆದರೆ ಏನಾಗುತ್ತದೆ? ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಬರುತ್ತಾರೆ. ಅವರ ಹಿಂದೆ ಬ್ಲಾಕಿನ ಬಿಆರ್‌ಪಿ. "ಯಾಕ್ರೀ ಒಂದು? ಏನು ಮಾಡ್ತಾ ಇದ್ದೀರಿ ಇಷ್ಟು ವರ್ಷ?" ಎಂಬ ಪ್ರಶ್ನೆಗೆ ಲಿಖಿತ ಉತ್ತರ ಕೊಡಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆದವನಿಗೆ ಇಲಾಖೆ ಕೊಡುವ ಮೊದಲ ಬಹುಮಾನ ಕಾರಣ ಕೇಳುವ ನೋಟಿಸು. ಹಾಗಾದರೆ ಮೂರು ಎಂದು ಬರೆಯೋಣವೇ? ಅದು ಇನ್ನೂ ಅಪಾಯ. ಮಾದರಿ ಶಾಲೆ ಎಂದು ಹೆಸರಾಗಿ, ನೋಡಲು ಬಂದವರಿಗೆಲ್ಲ ಟೀ ಬಿಸ್ಕತ್ತಿನ ವ್ಯವಸ್ಥೆ ಸ್ವಂತ ಜೇಬಿನಿಂದ ಆಗಬೇಕು. ಸೋರುವ ಮಾಳಿಗೆಗೆ ದುರಸ್ತಿ ಕೇಳಿದರೆ "ನಿಮಗೇನ್ರೀ, ಮೂರರಲ್ಲಿದ್ದೀರಿ" ಎಂದು ಅರ್ಜಿ ವಾಪಸು. ಎರಡರಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಬಯ್ಯಲು ಕಾರಣವಿಲ್ಲ, ಹೊಗಳಲು ಬರುವವರಿಲ್ಲ. ಮುಂದಿನ ವರ್ಷದ ಗುರಿಯೂ ತಾನಾಗಿಯೇ ಸಿದ್ಧ: ಎರಡರಿಂದ ಮೂರಕ್ಕೆ. ಅದರ ಮುಂದಿನ ವರ್ಷಕ್ಕೂ ಅದೇ. ಬಳಸಿದಷ್ಟೂ ಸವೆಯದ ಗುರಿ ಅದು.

ಮೊನ್ನೆ ಇಂಥದೊಂದು ಗುರಿ ಹಾಕುವ ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ, ಮಕ್ಕಳು 28 ಎಂದರೆ ಸಾಕು, ನಿಮಗೆ ಗೊತ್ತಿರುವ ಯಾವ ಊರನ್ನಾದರೂ ಹಾಕಿಕೊಳ್ಳಿ. ನನ್ನನ್ನು ಕರೆದದ್ದು ಶಿಕ್ಷಣಪ್ರೇಮಿ ಎಂಬ ಲೆಕ್ಕದಲ್ಲಿ. ಶಿಕ್ಷಣವನ್ನು ಪ್ರೇಮಿಸುವವರಿಗೆ ಶಾಲೆಯಲ್ಲಿ ಮೊದಲ ಸಾಲಿನ ಕುರ್ಚಿ, ಶಿಕ್ಷಣವನ್ನು ಕೊಡುವವರಿಗೆ ನಿಂತುಕೊಂಡು ವರದಿ ಓದುವ ಕೆಲಸ.

ಸಮಿತಿಯ ರಚನೆಯೇನೋ ಕಾನೂನುಬದ್ಧ. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, 2001ರಿಂದಲೇ ಇವೆ. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 21, ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು ಎನ್ನುವುದು ಸೆಕ್ಷನ್ 22. ನಮ್ಮ ಸಭೆಯಲ್ಲೂ ಅರ್ಧದಷ್ಟು ಹೆಂಗಸರಿದ್ದರು, ನಡಾವಳಿ ಪುಸ್ತಕದ ಸಹಿ ಜಾಗದಲ್ಲಿ. ಖುದ್ದಾಗಿ ಬಂದಿದ್ದ ಮೂವರು ಬಾಗಿಲ ಬಳಿಯೇ ಕೂತಿದ್ದರು. ಅವರಲ್ಲಿ ಇಬ್ಬರಿಗೆ ಟೊಮೇಟೊ ಕೀಳುವ ಕೂಲಿ ಕಾದಿತ್ತು. ಯೋಜನೆಯೂ ತಯಾರಾಗಿಯೇ ಇತ್ತು. ಕಳೆದ ವರ್ಷದ ಪ್ರತಿಯಲ್ಲಿ ಇಸವಿ ತಿದ್ದಿದ್ದರು, ಒಂದು ಪುಟದಲ್ಲಿ ತಿದ್ದುವುದು ಮರೆತಿದ್ದರು. ಅದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ, ಆದರೆ ಪ್ರೇಮಿಗಳು ತಪ್ಪು ಹುಡುಕಬಾರದು.

ಮೊದಲು ಕಲಿಕೆಯ ಗುರಿ. ಇಲ್ಲಿ ಸಮಿತಿಗೆ ತಲೆ ಕೆಡಿಸಿಕೊಳ್ಳುವ ಕೆಲಸವೇ ಇಲ್ಲ, ಗುರಿ ದಿಲ್ಲಿಯಿಂದಲೇ ಚಾರ್ಟ್ ಆಗಿ ಬಂದು ಗೋಡೆಯ ಮೇಲೆ ಕೂತಿದೆ. 2021ರ ಜುಲೈ 5ರಂದು ಶುರುವಾದ ನಿಪುಣ್ ಭಾರತ್ ಪ್ರಕಾರ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗು ಅರ್ಥಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು, 9999ರವರೆಗಿನ ಸಂಖ್ಯೆ ಗುರುತಿಸಬೇಕು. ಒಂದನೇ ತರಗತಿಗೆ 99, ಎರಡಕ್ಕೆ 999, ಮೂರಕ್ಕೆ 9999. ಪ್ರತಿ ವರ್ಷ ಒಂದೊಂದು ಒಂಬತ್ತು ಸೇರಿಸುತ್ತಾ ಹೋಗುವ ಈ ಸೊಗಸು ನೋಡಿದರೆ ಗುರಿ ಹಾಕಿದವರಿಗೆ ಗಣಿತಕ್ಕಿಂತ ಪ್ರಾಸದ ಮೇಲೆ ಹೆಚ್ಚು ಒಲವಿದ್ದಂತೆ ಕಾಣುತ್ತದೆ.

ಈ ಗುರಿ ಎಲ್ಲಿಗೆ ಬಂತು ಎಂದು ತೋರಿಸಲು ಸಭೆಯ ಎದುರೇ ಒಂದು ಪ್ರಾತ್ಯಕ್ಷಿಕೆ ನಡೆಯಿತು. ಮೂರನೇ ತರಗತಿಯ ಹುಡುಗನೊಬ್ಬನನ್ನು ಕರೆದು ನಿಲ್ಲಿಸಿದರು. ಅಂಗಿಯ ಮೇಲಿನ ಗುಂಡಿ ಇರಲಿಲ್ಲ, ಅಲ್ಲಿ ಪಿನ್ನು. ಸಿಆರ್‌ಪಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ "ಹೂಂ" ಎಂದರು. ಹುಡುಗ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವ ಹಾಗೆ ಹೊರಟ. ನರಿ, ಬಳ್ಳಿ, ದ್ರಾಕ್ಷಿ, ಹಾರಿತು, ಮತ್ತೆ ಹಾರಿತು. ನಡುವೆ ಸಿಆರ್‌ಪಿಯವರ ಮೊಬೈಲಿಗೆ ಮೆಸೇಜು ಬಂದು, ಅದನ್ನು ನೋಡುವ ಭರದಲ್ಲಿ ಕೈ ತಾಗಿ ಪುಟ ಮಗುಚಿತು. ಹುಡುಗ ನಿಲ್ಲಲಿಲ್ಲ. ಕಣ್ಣೆದುರು ಈಗ ಆನೆಯ ಪದ್ಯವಿತ್ತು, ಬಾಯಲ್ಲಿ ನರಿ ಇನ್ನೂ ಹಾರುತ್ತಲೇ ಇತ್ತು. ಎಪ್ಪತ್ತರ ಮೇಲೆ ಪದಗಳಾದವು. ಚಪ್ಪಾಳೆ. ಅರ್ಥಗ್ರಹಣವನ್ನೂ ನೋಡಬೇಕಲ್ಲ, "ನರಿಗೆ ಕೊನೆಗೆ ಏನಾಯ್ತಪ್ಪಾ?" ಎಂದು ಕೇಳಿದರು. ಹುಡುಗ ಮೇಷ್ಟ್ರ ಮುಖ ನೋಡಿದ. "ನಿಲ್ಲಿಸ್ಲಾ ಸಾರ್?" ಎಂದ.

ಹುಡುಗ ದಡ್ಡನಲ್ಲ. ತನ್ನಿಂದ ಏನು ಬೇಕಾಗಿದೆ ಎಂಬುದನ್ನು ಇಲಾಖೆಗಿಂತ ಸ್ಪಷ್ಟವಾಗಿ ಅರ್ಥಮಾಡಿಕೊಂಡಿದ್ದಾನೆ. ಅರವತ್ತು ಕೇಳಿದರು, ಎಪ್ಪತ್ತು ಕೊಟ್ಟ. ನರಿಯ ಗತಿ ಏನಾಯಿತೆಂಬುದು ಸ್ಟಾಪ್‌ವಾಚಿನಲ್ಲಿ ಕಾಣುವುದಿಲ್ಲ. ಇನ್ನು ಈ ಪದ ಎಣಿಸುವ ಲೆಕ್ಕವೇ ಕನ್ನಡಕ್ಕೆ ಹೊಂದುತ್ತದೆಯೇ ಎಂದು ಕೇಳುವುದು ಉದ್ಧಟತನ. ಇಂಗ್ಲಿಷಿನವನು ಐದಾರು ಪದಗಳಲ್ಲಿ ಹರಡಿಕೊಂಡು ಹೇಳುವುದನ್ನು ನಮ್ಮ ಮಗು "ಹೋಗಬೇಕಾಗಿರಲಿಲ್ಲವೆಂದು" ಎಂದು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರೆ ಸಿಗುವುದು ಒಂದೇ ಪದದ ಲೆಕ್ಕ. 2022ರಲ್ಲಿ ಎನ್‌ಸಿಇಆರ್‌ಟಿಯೇ ಬುನಾದಿ ಕಲಿಕೆಯ ಅಧ್ಯಯನ ನಡೆಸಿ ಒಂದೊಂದು ಭಾಷೆಗೂ ಬೇರೆ ಬೇರೆ ಅಳತೆ ಇಟ್ಟಿತು. ಗೋಡೆಯ ಚಾರ್ಟಿಗೆ ಆ ಸುದ್ದಿ ತಲುಪಿಲ್ಲ. ಚಾರ್ಟಿಗೆ ಲ್ಯಾಮಿನೇಶನ್ ಆಗಿಬಿಟ್ಟಿದೆ.

ಗುರಿ ತಲುಪಿಸಬೇಕಾದವರು ಯಾರು? 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುತ್ತದೆ ಕಾಯ್ದೆ. ಈ ಶಾಲೆಯಲ್ಲೂ ಇಬ್ಬರಿದ್ದಾರೆ. ಒಬ್ಬರು ನಿಯೋಜನೆಯ ಮೇಲೆ ತಾಲ್ಲೂಕಿನಲ್ಲಿದ್ದಾರೆ, ಮಕ್ಕಳ ಕಲಿಕೆಯ ಅಂಕಿಅಂಶವನ್ನು ಕಂಪ್ಯೂಟರಿಗೆ ಏರಿಸುತ್ತಾ. ಅಂದರೆ ಕಲಿಕೆ ಎಷ್ಟಾಯಿತೆಂದು ದಾಖಲಿಸಲು ಕಲಿಸುವವರನ್ನೇ ಎತ್ತಿಕೊಂಡು ಹೋಗಿದ್ದಾರೆ. ಉಳಿದ ಒಬ್ಬರು ಹೆಡ್‌ಮಾಸ್ಟರೂ ಹೌದು, ಮೇಷ್ಟ್ರೂ ಹೌದು, ಗುಮಾಸ್ತರೂ ಹೌದು, ಬಿಎಲ್‌ಒ ಆಗಿ ಮತದಾರರ ಪಟ್ಟಿಯ ಜವಾನರೂ ಹೌದು. 2025ರ ದಸರಾದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರಕಾರಿ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದಾಗ ಇವರು ಮೊಬೈಲ್ ಹಿಡಿದು ನೆಟ್‌ವರ್ಕ್ ಸಿಗುವ ಬಂಡೆ ಹುಡುಕುತ್ತಿದ್ದರು. ಊರಿನ ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಶಾಲೆ ಮುಚ್ಚುವುದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.

ನಲಿ-ಕಲಿ ಗೊತ್ತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಋಷಿ ವ್ಯಾಲಿಯ ಪ್ರಯೋಗ ನೋಡಿಬಂದ ನಮ್ಮ ಮೇಷ್ಟ್ರುಗಳೇ ಪ್ರೀತಿಯಿಂದ ಕಟ್ಟಿದ ಪದ್ಧತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಐದು ತಟ್ಟೆಗಳು. ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಭಾಗಶಃ, ಆಮೇಲೆ ಸಹಪಾಠಿಗಳ ನೆರವಿನವು ಎರಡು, ಕೊನೆಯದು ಸ್ವಕಲಿಕೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಅಪ್ಪಟ ಚಂದದ ಯೋಚನೆ. ಆದರೆ ಇರುವ ಒಬ್ಬ ಮೇಷ್ಟ್ರು ಸಭೆಗೆ, ತರಬೇತಿಗೆ, ಸಮೀಕ್ಷೆಗೆ, ಮೊಟ್ಟೆ ತರಲು ಹೋದ ದಿನ ಐದೂ ತಟ್ಟೆಗಳು ಸದ್ದಿಲ್ಲದೆ ಸ್ವಕಲಿಕೆಯಾಗುತ್ತವೆ. ನಾಲ್ಕು, ಐದನೇ ತರಗತಿಯವರೂ ಬಂದು ಸೇರಿಕೊಳ್ಳುತ್ತಾರೆ. ಆ ದಿನವೂ ಇಡೀ ಶಾಲೆ ಸ್ವಕಲಿಕೆಯಲ್ಲೇ ಇತ್ತು, ಏಕೆಂದರೆ ಮೇಷ್ಟ್ರು ಕಲಿಕೆ ಸುಧಾರಿಸುವ ಸಭೆಯಲ್ಲಿದ್ದರು.

ಮೊಟ್ಟೆಯ ಮಾತು ಬಂತು. ಒಂದು ಮೊಟ್ಟೆಗೆ ಸರಕಾರ ಕೊಡುವುದು 6 ರೂಪಾಯಿ. ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಸುತ್ತೋಲೆ ಎಲ್ಲರಿಗೂ ಹೋಗಿದೆ, ಕೋಳಿಗಳಿಗೆ ಮಾತ್ರ ತಲುಪಿದಂತಿಲ್ಲ. ವ್ಯತ್ಯಾಸದ ಚಿಲ್ಲರೆ ಮೇಷ್ಟ್ರ ಜೇಬಿನದು. ಅದಕ್ಕೆ 46ರಲ್ಲಿ ಯಾವ ಮಾನದಂಡವೂ ಇಲ್ಲ.

ಈಗ ಎರಡನೇ ಗುರಿ, ಶಾಲೆಯ ವಾತಾವರಣ. ಮಕ್ಕಳು ಭಯವಿಲ್ಲದೆ, ಸಂತೋಷವಾಗಿ, ಗೌರವದಿಂದ ಇರಬೇಕು. ಯಾರೂ ಬೇಡವೆನ್ನದ ಗುರಿ. ತೊಂದರೆ ಏನೆಂದರೆ ಸಂತೋಷಕ್ಕೆ ಸಾಕ್ಷ್ಯ ಕೊಡಬೇಕು. ಸಾಕ್ಷ್ಯ ಎಂದರೆ ಫೋಟೋ, ಫೋಟೋ ಎಂದರೆ ಅಕ್ಷಾಂಶ, ರೇಖಾಂಶ, ದಿನಾಂಕ ಮೂಡುವ ಜಿಪಿಎಸ್ ಕ್ಯಾಮೆರಾದ ಫೋಟೋ. ತಿಂಗಳಿಗೊಂದು ಸಂಭ್ರಮ ಶನಿವಾರ, ಮಕ್ಕಳು ಬ್ಯಾಗಿಲ್ಲದೆ ಬರುವ ದಿನ. ಬಂದರು. ಸಾಲಾಗಿ ನಿಲ್ಲಿಸಿದರು. ಖಾಲಿ ಬೆನ್ನು ಕಾಣುವ ಹಾಗೆ ಒಂದು ಫೋಟೋ, ನಗುವ ಮುಖ ಕಾಣುವ ಹಾಗೆ ಇನ್ನೊಂದು. ಮೂವರು ನಗಲಿಲ್ಲವೆಂದು ಮತ್ತೊಮ್ಮೆ ತೆಗೆದರು. ಎರಡನೆಯ ಸಲ ಎಲ್ಲರೂ ಅಕ್ಷಾಂಶ ರೇಖಾಂಶ ಸಮೇತ ನಕ್ಕರು. ಗ್ರೂಪಿಗೆ ಹಾಕಿದ್ದಾಯಿತು, ಸಿಆರ್‌ಪಿಯವರ ಹೆಬ್ಬೆಟ್ಟೂ ಬಂತು. ಆಮೇಲೆ ಶುಕ್ರವಾರವೇ ಶಾಲೆಯಲ್ಲಿ ಬಿಟ್ಟುಹೋಗಿದ್ದ ಪುಸ್ತಕಗಳನ್ನು ಬೀರುವಿನಿಂದ ಹಂಚಿದರು. ನಿಪುಣ್ ಅರವತ್ತು ಪದ ಯಾರಪ್ಪ ಮುಗಿಸುತ್ತಾರೆ?

ಭಯಮುಕ್ತ ವಾತಾವರಣದ ಸಾಕ್ಷ್ಯಕ್ಕೆ ಗೋಡೆಯಲ್ಲೊಂದು ಸಲಹಾ ಪೆಟ್ಟಿಗೆ ಇದೆ. ಕೆಂಪು ಬಣ್ಣ, ಪುಟ್ಟ ಬೀಗ, ಕೀಲಿ ಯಾರ ಮೇಲೆ ದೂರು ಬರಬಹುದೋ ಅವರ ಜೇಬಿನಲ್ಲಿ. ಸಮಿತಿಯ ಸಮಕ್ಷಮ ತೆರೆಯಬೇಕೆಂಬ ನಿಯಮದಂತೆ ತೆರೆದರು. ಒಂದು ಪೆನ್ಸಿಲ್ ಚೂರು, ಚಾಕೊಲೇಟಿನ ಕಾಗದ, ಸತ್ತ ಜಿರಲೆ, ಮತ್ತು ನೋಟ್‌ಬುಕ್ಕಿನ ಅಂಚಿನಿಂದ ಹರಿದ ಒಂದು ಚೀಟಿ: "ಕಕ್ಕಸ್ಸಿನ ಬೀಗ ತೆಗೀರಿ ಸಾರ್." ಹೆಸರಿರಲಿಲ್ಲ. ಆದರೆ 28 ಮಕ್ಕಳಲ್ಲಿ ಯಾವ ಅಕ್ಷರ ಯಾರದೆಂದು ಮೇಷ್ಟ್ರಿಗೆ ಗೊತ್ತಾಗದಿರುತ್ತದೆಯೇ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಒತ್ತಕ್ಷರ ಸರಿಯಾಗಿ ಬಂದಿದೆ" ಎಂದು ಆ ಹುಡುಗಿಯ ಪ್ರಗತಿ ಪತ್ರದಲ್ಲಿ ಗುರುತು ಹಾಕಿಕೊಂಡರು. ದೂರು ಕಲಿಕಾ ಫಲವಾಗಿ ವಿಲೇವಾರಿಯಾಯಿತು.

ಮೇಷ್ಟ್ರನ್ನು ಬಯ್ಯುವುದು ಸುಲಭ, ಅದಕ್ಕೇ ಸ್ವಲ್ಪ ತಡೆಯಿರಿ. ಬೀಗ ಏಕೆ? ಶೌಚಾಲಯ ಇದೆ ಎಂಬುದು ದಾಖಲೆ. ಬಳಸಿದರೆ ಕೊಳೆಯಾಗುತ್ತದೆ. ತೊಳೆಯುವ ಹುದ್ದೆ ಈ ಶಾಲೆಗೆ ಇಲ್ಲ. ಮಕ್ಕಳ ಕೈಲಿ ತೊಳೆಸಿದರೆ ಅದು ಅಪರಾಧ, ವಿಡಿಯೊ ಆದರೆ ಸಸ್ಪೆಂಡು, ಆಗಬೇಕಾದ್ದೇ. ಕೂಲಿ ಕೊಟ್ಟು ತೊಳೆಸೋಣವೆಂದರೆ 30ರವರೆಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದಿಂದ ಬರುವ ವಾರ್ಷಿಕ ಅನುದಾನ 10,000 ರೂಪಾಯಿ. ಸೀಮೆಸುಣ್ಣ, ಕರೆಂಟು, ರಿಜಿಸ್ಟರು, ಮುರಿದ ಕಿಟಕಿ ಎಲ್ಲ ಅದರಲ್ಲೇ. ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಎಂದರೆ 1,000. ತಿಂಗಳಿಗೆ 83 ರೂಪಾಯಿ, ಚಿಲ್ಲರೆ. ಆ ದುಡ್ಡಿಗೆ ಒಂದು ಒಳ್ಳೆಯ ಬೀಗ ಬರುತ್ತದೆ. ಬಂತು. ಹೀಗೆ ಶೌಚಾಲಯ ಹಂತ ಎರಡರಲ್ಲಿ ಸುಭದ್ರವಾಗಿದೆ, ಹೆಣ್ಣುಮಕ್ಕಳು ಬೆಳಗ್ಗೆ ನೀರು ಕುಡಿಯದೆ ಶಾಲೆಗೆ ಬರುವುದನ್ನು ಕಲಿತಿದ್ದಾರೆ. ಇದೂ ಸ್ವಕಲಿಕೆಯೇ.

ನಾನು ಬಾಯಿ ಬಿಟ್ಟದ್ದು ಇಲ್ಲಿ. "ಎಲ್ಲ ಗುರಿಯೂ ಮಗುವಿಗೆ, ಮೇಷ್ಟ್ರಿಗೆ ಆಯ್ತು. 47ನೇ ಮಾನದಂಡ ಅಂತ ಒಂದು ಸೇರಿಸಬಾರದೇ? ಖಾಲಿ ಹುದ್ದೆ ತುಂಬುವುದು, ನಿಯೋಜನೆಯವರನ್ನು ವಾಪಸು ಕಳಿಸುವುದು, ಇದರಲ್ಲಿ ಮೇಲಿನವರು ಯಾವ ಹಂತದಲ್ಲಿದ್ದಾರೆ ಅಂತ ಅವರೂ ಸ್ವಮೌಲ್ಯಮಾಪನ ಮಾಡಿಕೊಳ್ಳಲಿ. ನಿಮಿಷಕ್ಕೆ ಬೇಡ, ವರ್ಷಕ್ಕೆ ಎಷ್ಟು ಕಡತ ಓದಿದರು ಅಂತ ಹೇಳಲಿ." ಸಿಆರ್‌ಪಿ ಮೊಬೈಲು ನೋಡಿಕೊಂಡರು. ಮೇಷ್ಟ್ರು ಮಾತ್ರ ಮೊದಲ ಬಾರಿಗೆ ಮನಸಾರೆ ನಕ್ಕರು. "ಅವರೂ ಎರಡೇ ಬರೀತಾರೆ ಸಾರ್."

ಅಷ್ಟರಲ್ಲಿ ಅಡುಗೆಯಮ್ಮ ಟೀ ತಂದರು. ಇಡೀ ಶಾಲೆಯಲ್ಲಿ ವಾತಾವರಣದ ಬಗ್ಗೆ ಅಧಿಕೃತವಾಗಿ ಮಾತಾಡಬಲ್ಲವರು ಅವರೊಬ್ಬರೇ ಎಂದು ನನ್ನ ಅನುಮಾನ. ಸೋಮವಾರ ಯಾವ ಮಗು ಎರಡನೇ ಸಲ, ಮೂರನೇ ಸಲ ಅನ್ನಕ್ಕೆ ತಟ್ಟೆ ಒಡ್ಡುತ್ತದೆ ಎನ್ನುವುದು ಅವರಿಗೆ ಗೊತ್ತು; ಅದರಿಂದ ಭಾನುವಾರ ಯಾರ ಮನೆಯ ಒಲೆ ಹೇಗಿತ್ತೆಂಬುದೂ ಗೊತ್ತು. ಯಾರ ಅಪ್ಪ ರಾತ್ರಿ ಕುಡಿದು ಬಂದಿದ್ದ, ಯಾರು ಯಾರ ಪಕ್ಕ ಕೂತು ಉಣ್ಣಲು ಹಿಂಜರಿಯುತ್ತಾರೆ, ಆ ಹಿಂಜರಿಕೆಯನ್ನು ಮನೆಯಲ್ಲಿ ಯಾರು ಕಲಿಸಿ ಕಳಿಸಿದರು, ಎಲ್ಲವೂ. ಅವರನ್ನು ಯಾರೂ ಏನೂ ಕೇಳಲಿಲ್ಲ. ಸಕ್ಕರೆ ಕಡಿಮೆ ಎಂದು ಅಧ್ಯಕ್ಷರು ಹೇಳಿದರು.

ಕೊನೆಯ ವಿಷಯ ದಾಖಲಾತಿ. ಮೇಷ್ಟ್ರ ಮುಖಕ್ಕೆ ಕಳೆ ಬಂದದ್ದು ಆಗ. ಲೆಕ್ಕ ಸರಳ: ಮಕ್ಕಳ ಸಂಖ್ಯೆ 31 ಮುಟ್ಟಿದರೆ ಅನುದಾನ 10,000ದಿಂದ ಒಂದೇ ನೆಗೆತಕ್ಕೆ 25,000ಕ್ಕೆ ಏರುತ್ತದೆ. ಬೇಕಾದದ್ದು ಮೂರು ಮಕ್ಕಳು. ಮೂರೇ ಮೂರು. ತೊಳೆಯುವವರಿಗೆ ಕೂಲಿ ಬರುತ್ತದೆ, ಬೀಗ ತೆಗೆಯಬಹುದು, ಪೆಟ್ಟಿಗೆಗೆ ಬೇರೆ ಚೀಟಿ ಬೀಳಬಹುದು. ಇಡೀ ಸಭೆಯಲ್ಲಿ ನಿಜವಾಗಿ ಗುರಿ ಎನ್ನಬಹುದಾದದ್ದು ನನಗೆ ಕಂಡದ್ದು ಇದೊಂದೇ, ಅದು ನಮೂನೆಯಲ್ಲಿರಲಿಲ್ಲ, ಮೇಷ್ಟ್ರ ಜೇಬಿನ ಚೀಟಿಯಲ್ಲಿತ್ತು.

"ಮೂರು ಮಕ್ಕಳನ್ನ ಎಲ್ಲಿಂದ ತರೋಣ ಮೇಷ್ಟ್ರೇ?" ಎಂದು ಅಧ್ಯಕ್ಷರು ನಿಟ್ಟುಸಿರುಬಿಟ್ಟರು. "ಊರಲ್ಲಿ ಎಲ್ಲ ಇಂಗ್ಲಿಷ್ ಮೀಡಿಯಂ ಅಂತ ಸಾಯ್ತಾರೆ. ಅಭಿಮಾನವೇ ಇಲ್ಲ ಜನಕ್ಕೆ." ಅಧ್ಯಕ್ಷರಿಗೆ ಇಬ್ಬರು ಗಂಡುಮಕ್ಕಳು. ಸಮಿತಿಗೆ ಬರಬೇಕಾದರೆ ಮಗು ಇದೇ ಶಾಲೆಯಲ್ಲಿ ಓದುತ್ತಿರಬೇಕು, ಹಾಗಾಗಿ ದೊಡ್ಡವನು ಇಲ್ಲಿ ಐದನೇ ತರಗತಿ.

ಲೋಟ ಎತ್ತಿಕೊಳ್ಳುತ್ತಿದ್ದ ಅಡುಗೆಯಮ್ಮ ತಲೆಯೆತ್ತಿದರು. "ಅಲ್ಲ ಕಣಪ್ಪ, ನಿನ್ ಚಿಕ್ಕೋನು ದಿನಾ ಬೆಳಿಗ್ಗೆ ಆ ಹಳದಿ ವ್ಯಾನಲ್ಲಿ ಕುಂತ್ಕಂಡು ಹೋಯ್ತನಲ್ಲ, ಅವ್ನ ಹಾಕು. ಇನ್ನೆಲ್ಡೇ ಹುಡುಕ್ಬೇಕಾಗಿರೋದು."

ಸಭೆಗೆ ಒಮ್ಮೆಲೇ ಕೆಮ್ಮು ಬಂತು. ಅಡುಗೆ ಸಿಬ್ಬಂದಿ ಸಮಿತಿಯ ಸದಸ್ಯರಲ್ಲವಾದ್ದರಿಂದ ಆ ಮಾತು ದಾಖಲಾಗಲಿಲ್ಲ. ಮೇಷ್ಟ್ರು ನಡಾವಳಿ ಪುಸ್ತಕ ಎಳೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದರು: "ದಾಖಲಾತಿ ಹೆಚ್ಚಳದ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು. ಸಮಯದ ಅಭಾವದಿಂದ ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು." ಸಹಿ ಬಾಕಿಯಿದ್ದ ಇಬ್ಬರು ಅಷ್ಟು ಹೊತ್ತಿಗೆ ಟೊಮೇಟೊ ಹೊಲ ಸೇರಿದ್ದರು. ಪುಸ್ತಕವನ್ನು ಅಲ್ಲಿಗೇ ಒಯ್ದು ಸಹಿ ಮಾಡಿಸಿಕೊಂಡು ಬಾ ಎಂದು ಮೂರನೇ ತರಗತಿಯ ಆ ಹುಡುಗನನ್ನು ಓಡಿಸಿದರು. ವೇಳಾಪಟ್ಟಿಯ ಪ್ರಕಾರ ಅದು ಗಣಿತದ ಅವಧಿ.